ಯಾವ ಗ್ವಿಲಿಮನ ಮೊಣಕಾಲು?

ಪೆಂಟ್ರೆವೆರ್ನ್‌ನ ಬೀದಿಯಲ್ಲಿ ನಿಂತು ‘ಜೋನ್ಸ್!’ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಉಳಿದರ್ಧ ಡೇವಿಸ್‌ಗಳು. ಹೀಗಿರುವಾಗ ಅಪ್ಪ ಅಮ್ಮ ಇಟ್ಟ ಹೆಸರು ಇಟ್ಟುಕೊಂಡು ಏನು ಮಾಡುವುದು? ಅದು ಬೇಕಾಗುವುದು ಹುಟ್ಟಿದಾಗ ಒಮ್ಮೆ, ಗೋರಿಕಲ್ಲು ಕೆತ್ತುವಾಗ ಒಮ್ಮೆ. ನಡುವಿನ ಆಯುಸ್ಸನ್ನೆಲ್ಲ ನಮ್ಮ ಜನ ಅಡ್ಡಹೆಸರಿನಲ್ಲೇ ಕಳೆದುಬಿಡುತ್ತಾರೆ. ನಲ್ಲಿ ರಿಪೇರಿಯವನು ನಾಳೆ ಐವರ್. ಅವನು ಇವತ್ತು ಬಂದದ್ದನ್ನು ಕಂಡವರಿಲ್ಲ. ಹೇಳಿದ್ದನ್ನೇ ಹೇಳುವವನು ಎರಡ್ಸಲ ಟಾಮಿ. ಗುಡ್ಡದ ಮೇಲೆ ಹಂದಿ ಸಾಕುವವನು ಹಂದಿ ಗ್ವಿಲಿಮ್. ಊರವರ ಪ್ರಾರ್ಥನಾಮಂದಿರವಾದ ಚಾಪೆಲ್‌ನಲ್ಲಿ ಕಾಲಿನಿಂದ ತಿದಿ ಒತ್ತುತ್ತಾ ಹಾರ್ಮೋನಿಯಂ ಪೆಟ್ಟಿಗೆ ನುಡಿಸುವವನು ಪೆಟ್ಟಿಗೆ ಗ್ವಿಲಿಮ್. ದವಾಖಾನೆಯ ಸಣ್ಣ ಕಿಟಕಿಯ ಹಿಂದೆ ಕೂತು ಊರಿನ ಕೆಮ್ಮು ನೆಗಡಿಯನ್ನೆಲ್ಲ ಡಾಕ್ಟರಿಗಿಂತ ಮೊದಲು ಕೇಳಿಸಿಕೊಳ್ಳುವವಳು ಕಿಟಕಿ ಮೈರ್ವೆನ್. ಈ ಕತೆ ಅವಳದು.

ಮೈರ್ವೆನ್ ಶಾಲೆ ಬಿಟ್ಟವಳೇ ಆ ಕಿಟಕಿಯ ಹಿಂದೆ ಕೂತಳು, ಕೂದಲು ಬೆಳ್ಳಗಾದರೂ ಎದ್ದಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಕಾಯಿಲೆ ಅಡ್ಡ ಬಂತು. ಅಮ್ಮ ಹೋದಮೇಲೆ ಮಾತು ತರುವವರು ಉಳಿದಿರಲಿಲ್ಲ. ಅವಳ ಸ್ವಭಾವ ಒಂದೇ ಪದದಲ್ಲಿ ಹೇಳುವುದಾದರೆ ದಿಗಿಲು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವಳು. ಬಾಗಿಲು ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುವಳು. ‘ಬಾಗಿಲು ಕಿತ್ತು ಕೈಗೆ ಬರತ್ತೆ, ಬಿಡೆ’ ಎಂದು ಎದುರುಮನೆಯವರು ನಗುತ್ತಿದ್ದರು. ನಗಲಿ ಬಿಡಿ. ಮೂರು ಸಾವಿರ ಜನರ ಔಷಧದ ಚೀಲಗಳು ಅವಳ ಕೈಯಿಂದಲೇ ದಾಟುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಔಷಧದಂಗಡಿ ಬೇರೆ ಇಲ್ಲ, ದವಾಖಾನೆಯಲ್ಲೇ ಕೊಡುತ್ತಾರೆ. ಅಲ್ಲಿ ದಿಗಿಲಿನವಳೇ ಇರಬೇಕು.

ಡಾಕ್ಟರ್ ಇಡ್ವಲ್ ನಮ್ಮೂರಿನವರೇ. ಕಂಪ್ಯೂಟರಿನ ಹುಚ್ಚು ಹಿಡಿದು ದವಾಖಾನೆಗೆ ಬೇಕಾದ ಪ್ರೋಗ್ರಾಮನ್ನು ತಾವೇ ಕೂತು ಬರೆದಿದ್ದರು. ಸತ್ತುಹೋದ ತಮ್ಮ ಕುರಿನಾಯಿಯ ಹೆಸರನ್ನೇ ಅದಕ್ಕಿಟ್ಟರು: ನೆಲ್. ನೆಲ್ ನಿಧಾನಿ, ಮುದಿಯಾದ ಮೇಲೆ ಮೊಂಡು ಬೇರೆ. ಆದರೆ ಊರು ಬಲ್ಲವಳು. ಅದರಲ್ಲಿ ಜೋನ್ಸ್ ಎಂದು ಹುಡುಕುವ ಅವಿವೇಕ ಯಾರೂ ಮಾಡುತ್ತಿರಲಿಲ್ಲ. ‘ಪೆಟ್ಟಿಗೆ’ ಎಂದು ಬಡಿದರೆ ಗ್ವಿಲಿಮನ ಎದೆಬಡಿತದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ತಿಂಗಳ ರಕ್ತಪರೀಕ್ಷೆ ಎಲ್ಲವೂ ಎದ್ದು ಬರುತ್ತಿದ್ದವು. ‘ಹಂದಿ’ ಎಂದು ಬಡಿದರೆ, ಯಾವತ್ತೋ ಅಪೆಂಡಿಕ್ಸ್ ತೆಗೆಸಿಕೊಂಡದ್ದು ಬಿಟ್ಟರೆ ದವಾಖಾನೆಯ ಮೆಟ್ಟಿಲು ಹತ್ತದ ಗಟ್ಟಿ ಆಸಾಮಿ ಬರುತ್ತಿದ್ದ.

ಆಮೇಲೆ ಬಂತು ಆ ಮಾನ್ಯತೆ ಎಂಬ ಪೀಡೆ. ಡಾಕ್ಟರುಗಳ ಕಂಪ್ಯೂಟರುಗಳು ಇನ್ನು ಮೇಲೆ ಒಂದೇ ಮಟ್ಟದಲ್ಲಿರಬೇಕು ಎಂದು ಮೇಲಿನವರು ಕಟ್ಟಳೆ ಮಾಡಿದರು. ಕಾಯಿಲೆಗೆಲ್ಲ ಒಂದೇ ಸಂಕೇತ ಇರಬೇಕು, ಒಂದಕ್ಕೊಂದು ಆಗದ ಔಷಧಗಳು ಜೊತೆಯಾದರೆ ತೆರೆ ಕೆಂಪಗೆ ಮಿನುಗಬೇಕು, ಪಟ್ಟಿಯಲ್ಲಿ ಒಬ್ಬ ಮನುಷ್ಯ ಒಂದೇ ಸಲ ಇರಬೇಕು. ತಪ್ಪು ಎನ್ನಲಾಗದ ಮಾತುಗಳೇ. ಮಾನ್ಯತೆ ಪಡೆದ ಯಂತ್ರ ಕೊಂಡರೆ ಅರ್ಧ ಖರ್ಚು ಆರೋಗ್ಯ ಕಚೇರಿಯದು. ಮಾನ್ಯತೆ ಇಲ್ಲದ್ದಕ್ಕೆ ಬಿಡಿಗಾಸಿಲ್ಲ. ನೆಲ್‌ಗೆ ಮಾನ್ಯತೆ ಕೊಡುವವರು ಯಾರು? ಮನೆಯಲ್ಲಿ ಹುಟ್ಟಿದ ನಾಯಿ ಅದು.

ಡಾಕ್ಟರ್ ಇಡ್ವಲ್ ನಿಟ್ಟುಸಿರು ಬಿಟ್ಟು ಹೊಸ ಯಂತ್ರ ತರಿಸಿದರು. ಮಾರ್ಚ್ ಮುಗಿಯುವ ಮೊದಲು ಕಚೇರಿಯವರು ಬಂದು ನೋಡಿ ಒಪ್ಪಿದರೆ ಅರ್ಧ ಹಣ ಬರುತ್ತದೆ. ಒಪ್ಪದಿದ್ದರೆ ಆ ಭಾರ ಅವರ ಕೈಲಿ ಹೊರಲಾಗದು. ದವಾಖಾನೆ ಮುಚ್ಚಿ ಪೇಟೆಯ ದೊಡ್ಡ ಕೇಂದ್ರಕ್ಕೆ ಸೇರಿಸಬೇಕು, ಮುದುಕರೆಲ್ಲ ಜ್ವರ ಹೊತ್ತುಕೊಂಡು ಬಸ್ಸು ಹತ್ತಬೇಕು. ಮೈರ್ವೆನ್‌ಗೆ ಊಟ ಸೇರದಾಯಿತು.

ಹಳೆಯ ಮಾಹಿತಿಯೆಲ್ಲ ಹೊಸದರೊಳಗೆ ಹೋಯಿತು, ಅಡ್ಡಹೆಸರುಗಳು ಮಾತ್ರ ಹೊರಗೇ ಉಳಿದವು. ಅವಕ್ಕೆ ಅಲ್ಲಿ ಜಾಗವಿರಲಿಲ್ಲ. ಉಳಿದ ಕೆಲಸವೆಂದರೆ ದೆವ್ವ ಬಿಡಿಸುವುದು. ಸತ್ತವರು, ಊರು ಬಿಟ್ಟವರು, ಎರಡೆರಡು ಸಲ ಸೇರಿಹೋದವರು ಪಟ್ಟಿಯಲ್ಲಿ ಉಳಿದುಕೊಂಡರೆ ಕಚೇರಿಯ ಭಾಷೆಯಲ್ಲಿ ಅವು ದೆವ್ವಗಳು; ತಲೆಗಿಷ್ಟು ಎಂದು ದುಡ್ಡು ಕೊಡುವವರಿಗೆ ಅವನ್ನು ಕಂಡರಾಗದು. ಅದೇ ವಾರ ಡಾಕ್ಟರ್ ಇಡ್ವಲ್ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದರು. ಕಾರ್ಡಿಫ್‌ನಿಂದ ಹೆಲೆದ್ ಎಂಬ ಎಳೆ ಡಾಕ್ಟರ್ ಬದಲಿಗೆ ಬಂದಿದ್ದಳು. ಮೈರ್ವೆನ್ ಒಂದು ಕಿವಿಗೆ ಫೋನು ಆನಿಸಿಕೊಂಡು, ಒಂದು ಕೈಯಲ್ಲಿ ಔಷಧದ ಚೀಲ ಕೊಡುತ್ತಾ, ಇನ್ನೊಂದು ಕೈಯಲ್ಲಿ ದೆವ್ವ ಬಿಡಿಸಿದಳು. ಯಂತ್ರ ಜೋಡಿ ಜೋಡಿಯಾಗಿ ಹೆಸರು ತೋರಿಸುತ್ತಿತ್ತು: ಇವರಿಬ್ಬರೂ ಒಬ್ಬರೇ? ಹೌದು. ಇವರು? ಹೌದು.

ಜೋನ್ಸ್, ಗ್ವಿಲಿಮ್. ಮಾರ್ಚ್ ನಾಲ್ಕು, ಸಾವಿರದ ಒಂಬೈನೂರ ಮೂವತ್ತೊಂದು. ಕೆಳಗೆ ಮತ್ತೆ ಜೋನ್ಸ್, ಗ್ವಿಲಿಮ್. ಅದೇ ದಿನ, ಅದೇ ವರ್ಷ. ಅವಳು ‘ಹೌದು’ ಒತ್ತಿದಳು.

ಇದನ್ನು ಕೇಳಿದ ಹೊರಗಿನವರು ‘ಅಯ್ಯೋ ಪೆದ್ದಿ’ ಎನ್ನಬಹುದು. ನಮ್ಮೂರಿನವರು ಯಾರೂ ಅನ್ನಲಾರರು. ಆ ಇಬ್ಬರನ್ನು ಮೈರ್ವೆನ್ ಕತ್ತಲಲ್ಲಿ ಕೆಮ್ಮು ಕೇಳಿಯೇ ಬೇರೆ ಬೇರೆ ಎಂದು ಹೇಳಬಲ್ಲಳು. ಒಬ್ಬನ ಪೆಟ್ಟಿಗೆಯ ಪಕ್ಕ ನಿಂತು ಹಾಡುತ್ತಲೇ ಅವಳ ಪ್ರಾಯ ಕಳೆದಿತ್ತು. ಒಂದೇ ರಾತ್ರಿ ಸೂಲಗಿತ್ತಿಯೊಬ್ಬಳು ಎರಡು ಮನೆಗೆ ಓಡಾಡಿ ಇಬ್ಬರಿಗೂ ಒಂದೇ ಹೆಸರು ಸೂಚಿಸಿದ ಕತೆಯನ್ನು ನಕ್ಕು ನಕ್ಕು ಹೇಳಿದವಳೂ ಅವಳೇ. ಆದರೆ ಜೋನ್ಸ್, ಗ್ವಿಲಿಮ್ ಎಂಬವನೊಬ್ಬ ಅವಳಿಗೆ ಪರಿಚಯವೇ ಇರಲಿಲ್ಲ. ಆ ಹೆಸರಿನಿಂದ ಯಾರನ್ನಾದರೂ ಒಂದು ದಿನ ಕರೆದಿದ್ದರೆ ತಾನೆ?

ಯಂತ್ರ ಹಂದಿಯವನನ್ನು ಉಳಿಸಿಕೊಂಡು ಪೆಟ್ಟಿಗೆಯವನನ್ನು ನುಂಗಿತು. ಸದ್ದಿಲ್ಲ, ಸುದ್ದಿಯಿಲ್ಲ.

ಮರುದಿನವೇ ಪೆಟ್ಟಿಗೆ ಗ್ವಿಲಿಮ್ ಕುಂಟುತ್ತಾ ಬಂದ. ತಿದಿ ಒತ್ತಿ ಒತ್ತಿ ಬಲಮೊಣಕಾಲು ಊದಿಕೊಂಡಿತ್ತು.

‘ಏನೋ, ಕಾಲು ಮುಷ್ಕರ ಹೂಡಿದೆಯಾ?’ ಎಂದಳು ಮೈರ್ವೆನ್.

‘ಚಾಪೆಲ್‌ನೋರಿಗೆ ಹೊಸ ಪೆಟ್ಟಿಗೆ ತನ್ನಿ ಅಂದೆ. ಹೊಸ ಕಾಲು ಹಾಕಿಸ್ಕೋ, ಅದು ಪುಕ್ಕಟೆ ಅಂದ್ರು.’

ಒಳಗೆ ಹೆಲೆದ್ ತೆರೆಯ ಮೇಲೆ ಅವನ ಹೆಸರು ತೆಗೆದು, ‘ಬೇರೆ ಯಾವ ಮಾತ್ರೆ ತಗೋತಿದೀರಿ?’ ಎಂದು ಕೇಳಿದಳು. ಅವನು ಯಂತ್ರದ ಕಡೆ ಗಲ್ಲ ಎತ್ತಿ, ‘ಎಲ್ಲಾ ಅದ್ರಲ್ಲೇ ಇದ್ಯಲ್ಲಮ್ಮ’ ಎಂದ. ಅದರಲ್ಲಿ ಏನೂ ಇರಲಿಲ್ಲ. ಅವಳು ನೋವಿನ ಮಾತ್ರೆ ಬರೆದಳು, ಎಕ್ಸ್‌ರೇಗೂ ಹೇಳಿಕಳಿಸಿದಳು. ಚೀಲ ಕೈಗೆ ತೆಗೆದುಕೊಂಡಾಗ ಮೈರ್ವೆನ್‌ಗೆ ಒಂದು ಕ್ಷಣ ಏನೋ ಚುಚ್ಚಿತು. ತೆರೆಯ ಕಡೆ ನೋಡಿದಳು. ಕೆಂಪು ಮಿನುಗಲಿಲ್ಲ. ತಪ್ಪಿದ್ದರೆ ಮಿನುಗುತ್ತಿತ್ತಲ್ಲ, ಅದಕ್ಕೇ ಅಲ್ಲವೇ ಇಷ್ಟೆಲ್ಲ ಖರ್ಚು ಎಂದುಕೊಂಡು ಚೀಲ ಕೊಟ್ಟುಬಿಟ್ಟಳು. ಬಾಗಿಲನ್ನು ಎರಡು ಸಲ ಎಳೆದು ನೋಡುವವಳು, ಅವತ್ತು ಒಂದೇ ಸಲ ನೋಡಿದಳು.

ಕಚೇರಿಯ ಟ್ರೆಹಾರ್ನ್ ಬಂದದ್ದು ಆ ಶುಕ್ರವಾರ. ಅಚ್ಚುಕಟ್ಟಾದ ಮನುಷ್ಯ, ಕೋಟಿನ ಗುಂಡಿ ಬಿಚ್ಚದೆ ಕೂತ. ಡಾಕ್ಟರ್ ಇಡ್ವಲ್ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದು ಪಕ್ಕದಲ್ಲಿ ಕೂತಿದ್ದರು. ಮೈರ್ವೆನ್ ಕೇಳಿದ್ದನ್ನೆಲ್ಲ ತೋರಿಸಿದಳು. ಸಂಕೇತಗಳು ಸರಿ. ಕೆಂಪು ಮಿನುಗುವುದು ಸರಿ.

‘ಒಂದು ದೆವ್ವಾನೂ ಇಲ್ವಲ್ಲ!’ ಎಂದ ಟ್ರೆಹಾರ್ನ್. ‘ಈ ವರ್ಷ ನಾನು ನೋಡಿದ್ರಲ್ಲಿ ಇದೇ ಚೊಕ್ಕವಾದ ಪಟ್ಟಿ. ಶಹಬ್ಬಾಸ್ ಕಣಮ್ಮ.’

ಮೈರ್ವೆನ್‌ಗೆ ವಾರದಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಟ್ರೆಹಾರ್ನ್ ಸಹಿ ಹಾಕಲು ಪೆನ್ನು ತೆಗೆದ. ಅಷ್ಟರಲ್ಲಿ ಬಾಗಿಲು ದಡಾರೆಂದಿತು. ಹಂದಿ ಗ್ವಿಲಿಮ್, ಬೂಟಿನ ತುಂಬ ಕೆಸರು.

‘ಏನೇ ಮಾರಾಯ್ತಿ, ನಿನ್ನ ಹೊಸ ಯಂತ್ರಕ್ಕೆ ತಲೆ ಕೆಟ್ಟಿದೆಯಾ? ಬೆಳಿಗ್ಗೆ ಆಸ್ಪತ್ರೆಯಿಂದ ಫೋನು, ಮಂಗಳವಾರ ಬನ್ನಿ, ನಿಮ್ಮ ಮೊಣಕಾಲು ಎಕ್ಸ್‌ರೇ ತೆಗಿಬೇಕು ಅಂತ. ನನ್ನ ಮೊಣಕಾಲಿಗೆ ಏನು ಬಂದಿದೆ ರೋಗ? ನಿನ್ನೆ ತಾನೆ ಹಂದಿ ಹಿಂದೆ ಬೇಲಿ ಹಾರಿದೀನಿ!’

‘ಸ್ವಲ್ಪ ಮೆಲ್ಲಗೆ, ಗ್ವಿಲಿಮ್. ಬೇರೆ ಯಾರ್ದೋ ಇರತ್ತೆ.’

‘ಅದನ್ನೇ ಕೇಳ್ತಿರೋದು ನಾನು. ಯಾವನ ಮೊಣಕಾಲು ಇದು? ಹೆಸರೂ ನಂದೇ ಅಂತೆ, ಹುಟ್ಟಿದ ದಿನಾನೂ ನಂದೇ ಅಂತೆ. ನಾನು ಹುಟ್ಟಿದ ದಿನವೇ ಹುಟ್ಟಿ ನನ್ನ ಹೆಸರೇ ಇಟ್ಕೊಂಡೋನು ಇರೋದು ಒಬ್ಬನೇ, ಆ ಪೆಟ್ಟಿಗೆಯೋನು…’

ಮೈರ್ವೆನ್ ಅವನ ಮಾತು ಮುಗಿಯುವವರೆಗೆ ಕಾಯಲಿಲ್ಲ. ಕುರ್ಚಿ ಎಳೆದುಕೊಂಡು ‘ಪೆಟ್ಟಿಗೆ’ ಎಂದು ಬಡಿದಳು. ಅಂಥವರಿಲ್ಲ ಎಂದಿತು ಯಂತ್ರ. ‘ಜೋನ್ಸ್, ಗ್ವಿಲಿಮ್’ ಎಂದು ಬಡಿದಳು. ಒಬ್ಬ ಬಂದ, ಹಂದಿ ಸಾಕುವ ಮನೆಯ ವಿಳಾಸ ಹೊತ್ತುಕೊಂಡು. ಅವನ ಕೆಳಗೆ ಇನ್ನೊಬ್ಬನಿರಲಿಲ್ಲ. ಊದಿದ ಮೊಣಕಾಲಿಗೆ ನೋವಿನ ಮಾತ್ರೆ ಕೊಟ್ಟದ್ದು ಮಾತ್ರ ಅವನ ಹೆಸರಲ್ಲಿ ಹೊಸದಾಗಿ ಕೂತಿತ್ತು.

‘ಡಾಕ್ಟ್ರೇ, ನಾನು ಅವನನ್ನ ಅಳಿಸಿಬಿಟ್ಟಿದೀನಿ.’

ಡಾಕ್ಟರ್ ಇಡ್ವಲ್ ಪಟ್ಟಿಯಿಲ್ಲದ ಕಣ್ಣನ್ನು ತೆರೆಗೆ ತಾಗುವಷ್ಟು ಹತ್ತಿರ ತಂದು ಮಾತ್ರೆಯ ಹೆಸರು ಓದಿದರು. ಅವರ ಮುಖದ ಬಣ್ಣ ಇಳಿಯಿತು.

‘ರಕ್ತ ತೆಳುವಾಗೋ ಮಾತ್ರೆ ಜೊತೆ ಇದನ್ನ ತಿಂದ್ರೆ ಹೊಟ್ಟೆ ಒಳಗೇ ರಕ್ತ ಸುರಿಯತ್ತೆ. ಹೊರಗೆ ಗೊತ್ತೂ ಆಗಲ್ಲ. ಯಾವತ್ತು ಕೊಟ್ಟಿದ್ದು?’

‘ಮಂಗಳವಾರ. ನನ್ನ ಕೈಯಾರೆ ಕೊಟ್ಟೆ.’

ಫೋನು ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು. ಎತ್ತುವವರಿಲ್ಲ.

‘ಎಲ್ಲಿ ಎತ್ತಾನೆ?’ ಎಂದ ಹಂದಿ ಗ್ವಿಲಿಮ್. ಅವನ ಗಂಟಲೂ ಈಗ ಇಳಿದಿತ್ತು. ‘ಇವತ್ತು ಮೇಲಿನ ಚಾಪೆಲ್‌ನಲ್ಲಿ ಎರಡ್ಸಲ ಟಾಮಿಯ ಹೆಂಡತಿ ಮಣ್ಣಲ್ವಾ? ಪೆಟ್ಟಿಗೆ ಅವನದ್ದೇ. ಬಾ, ವ್ಯಾನು ಹೊರಗಿದೆ.’

ಡಾಕ್ಟರ್ ಆಂಬುಲೆನ್ಸನ್ನು ಚಾಪೆಲ್‌ಗೇ ಬರಹೇಳಿದರು. ಪೇಟೆಯಿಂದ ಗುಡ್ಡ ಹತ್ತಿ ಬರಬೇಕು ಅದು. ಮೈರ್ವೆನ್ ಕೋಟು ಹಾಕಿಕೊಳ್ಳಲು ಹೋದಳು, ತೋಳು ಸಿಗಲಿಲ್ಲ, ಬಿಸಾಡಿದಳು. ಟ್ರೆಹಾರ್ನ್ ಪೆನ್ನು ಹಿಡಿದುಕೊಂಡೇ ಎದ್ದು ನಿಂತಿದ್ದ.

‘ಹಾಗಾದ್ರೆ ಇದು… ನಾನೇನು ಮಾಡ್ಲಿ?’

‘ಬರ್ಕೊಳ್ಳಿ ಸ್ವಾಮಿ,’ ಎಂದಳು ಮೈರ್ವೆನ್. ‘ಬದುಕಿರೋನನ್ನ ದೆವ್ವ ಅಂತ ತೆಗೆದುಹಾಕಿದೀವಿ ಅಂತ ಬರ್ಕೊಳ್ಳಿ. ಫೋನ್ ಬಂದ್ರೆ ಎತ್ತಿ. ಗ್ವಿಲಿಮ್ ಅಂತ ಯಾರಾದ್ರೂ ಅಂದ್ರೆ ಯಾವ ಗ್ವಿಲಿಮ್ ಅಂತ ಕೇಳಿ!’

ಹಂದಿಯ ವ್ಯಾನಿನಲ್ಲಿ ಡಾಕ್ಟರೂ ಸೇರಿ ಮೂವರು ಒತ್ತಿಕೊಂಡು ಕೂತರು. ದಾರಿಗೆ ಅಡ್ಡ ಬಂದ ಕುರಿಮರಿಗಳನ್ನು ಗ್ವಿಲಿಮ್ ಬೈದು ಓಡಿಸಿದ. ಮೈರ್ವೆನ್ ತುಟಿ ಕಚ್ಚಿಕೊಂಡು ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ ಮೂರು ಮಾತ್ರೆ. ಮಂಗಳವಾರ, ಬುಧವಾರ, ಗುರುವಾರ. ತಿಂದಿರಬಾರದು, ದೇವರೇ, ಮರೆತಿರಲಿ. ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ಹಂದಿಮನೆಯ ವಿಳಾಸ ಇದ್ದಿರಬೇಕಲ್ಲ, ನೋಡಿಕೊಂಡು ತಿನ್ನದೆ ಬಿಟ್ಟಿರಲಿ. ಅವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವವನು. ಸೋಪಿನ ಪೊಟ್ಟಣವನ್ನೂ ಬಿಡುವವನಲ್ಲ.

ಚಾಪೆಲ್ ತುಂಬಿ ಗಂಡಸರು ಹೊರಗೂ ನಿಂತಿದ್ದರು. ಹಾಡು ನಡೆಯುತ್ತಿತ್ತು. ಪೆಟ್ಟಿಗೆಯ ನಾದ ಕೇಳಿಸಿದ್ದೇ ಮೈರ್ವೆನ್‌ಗೆ ಅಳು ಬಂತು, ನುಡಿಸುತ್ತಿದ್ದಾನೆ, ಇದ್ದಾನೆ. ಜನರ ನಡುವೆ ತೂರಿಕೊಂಡು ಒಳಗೆ ಕಾಲಿಟ್ಟಳು. ಆಗ ನಾದ ತಾಳ ತಪ್ಪಿತು, ತೇಲಿದಂತಾಯಿತು, ನಿಂತೇಹೋಯಿತು. ಹಾಡು ನಿಲ್ಲಲಿಲ್ಲ. ನಮ್ಮ ಜನ ಅಂಥವರು, ಪೆಟ್ಟಿಗೆ ನಿಂತರೂ ನಾಲ್ಕು ಬಗೆಯ ದನಿ ಹೊಂದಿಸಿಕೊಂಡು ಕೊನೆಯ ಚರಣದವರೆಗೆ ಹಾಡಿಯೇ ಬಿಡುತ್ತಾರೆ.

ಗ್ವಿಲಿಮ್ ಪೆಟ್ಟಿಗೆಯ ಮೇಲೆ ಒರಗಿದ್ದ. ಮುಖ ಸುಣ್ಣದಂತಾಗಿತ್ತು. ಮೂಗಿಗೆ ಹಿಡಿದಿದ್ದ ಕರವಸ್ತ್ರ ನೆನೆದು ಬಿಳಿಯ ಕೀಲಿಗಳ ಮೇಲೆ ರಕ್ತ ತೊಟ್ಟಿಕ್ಕಿತ್ತು.

‘ಮಾತ್ರೆ ತಿಂದ್ಯಾ?’ ಮೈರ್ವೆನ್ ಅವನ ಭುಜ ಹಿಡಿದು ಕಿವಿಯಲ್ಲೇ ಕೇಳಿದಳು. ‘ಗ್ವಿಲಿಮ್, ಆ ಮಾತ್ರೆ ತಿಂದ್ಯೇನೋ?’

‘ತಿಂದೆ. ಯಾಕೆ?’

‘ಚೀಟಿ ನೋಡ್ಲಿಲ್ವಾ? ವಿಳಾಸ ಹಂದಿಯೋನ್ದು!’

‘ನೋಡ್ದೆ.’ ಅವನು ಉಸಿರೆಳೆದುಕೊಂಡ. ‘ಯಂತ್ರ ಹೊಸದು, ತಪ್ಪು ಮಾಡಿರತ್ತೆ ಅಂದ್ಕೊಂಡೆ. ಕೊಟ್ಟೋಳು ನೀನಲ್ವಾ, ಮೈರ್ವೆನ್. ನೀನು ತಪ್ಪಲ್ಲ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮಾತು ಮಾತ್ರ ಎದೆಗೆ ನೇರವಾಗಿ ನಾಟಿತು. ಡಾಕ್ಟರ್ ನಾಡಿ ಹಿಡಿದು ನೋಡಿ, ಎತ್ತು ಎಂದು ಕೈಸನ್ನೆ ಮಾಡಿದರು. ಹಂದಿ ಗ್ವಿಲಿಮ್ ತನ್ನ ಹೆಸರಿನವನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಗೆ ನಡೆದ. ಶವದ ಮುಂದೆ ನಿಂತಿದ್ದ ಎರಡ್ಸಲ ಟಾಮಿ, ‘ದಾರಿ ಬಿಡಿ, ದಾರಿ ಬಿಡಿ’ ಎಂದ. ಅವತ್ತು ಅವನು ಎರಡು ಸಲ ಹೇಳಿದ್ದಕ್ಕೆ ಯಾರೂ ನಗಲಿಲ್ಲ.

ಆಂಬುಲೆನ್ಸು ಅವನನ್ನು ಹೊತ್ತು ಗುಡ್ಡ ಇಳಿಯಿತು, ಹಂದಿಯ ವ್ಯಾನು ಅದರ ಹಿಂದೆಯೇ ಹೋಯಿತು. ಆಸ್ಪತ್ರೆಯಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋದರು, ಡಾಕ್ಟರ್ ಇಡ್ವಲ್ ಜೊತೆಗೇ ಹೋದರು. ಮೈರ್ವೆನ್ ಹೊರಗಿನ ಕಿಟಕಿಯ ಎದುರು ನಿಂತಳು. ಬದುಕಿನಲ್ಲಿ ಕಿಟಕಿಯ ಈ ಬದಿಯಲ್ಲಿ ನಿಂತು ಅವಳಿಗೆ ರೂಢಿಯಿಲ್ಲ. ಒಳಗಿದ್ದ ಹುಡುಗಿ ಯಂತ್ರದ ಮುಂದೆ ಬೆರಳು ಆಡಿಸುತ್ತಾ ಕೇಳಿದಳು.

‘ಹೆಸರು?’

‘ಜೋನ್ಸ್, ಗ್ವಿಲಿಮ್.’

‘ಹುಟ್ಟಿದ್ದು?’

‘ಮಾರ್ಚ್ ನಾಲ್ಕು, ಮೂವತ್ತೊಂದು.’ ಇಷ್ಟು ವರ್ಷ ಗೊತ್ತಿರದಿದ್ದ ದಿನ ಈಗ ನಾಲಗೆಯ ತುದಿಯಲ್ಲಿತ್ತು.

‘ಓ, ಇದಾರೆ ಇಲ್ಲಿ,’ ಎಂದಳು ಹುಡುಗಿ ಖುಷಿಯಿಂದ. ‘ಪೆಂಟ್ರೆವೆರ್ನ್. ಅಪೆಂಡಿಕ್ಸ್ ಆಗಿದೆ. ರಕ್ತದ ಗುಂಪೂ ಇದೆ, ಒಳ್ಳೇದಾಯ್ತು, ಒಳಗೆ ಅದನ್ನೇ ಕೇಳ್ತಿದಾರೆ. ಇವರೇ ತಾನೆ? ಹೌದು ಅಂತ ಒತ್ತಲಾ?’

‘ಬೇಡ!’

ಮೈರ್ವೆನ್ ಕಿಟಕಿಯೊಳಗೆ ತೋಳು ತೂರಿಸಿ ಆ ಹುಡುಗಿಯ ಮಣಿಕಟ್ಟು ಹಿಡಿದುಬಿಟ್ಟಿದ್ದಳು. ಸಾಲಿನಲ್ಲಿ ಕೂತವರೆಲ್ಲ ತಲೆಯೆತ್ತಿದರು.

‘ಬಿಡ್ರೀ! ಏನ್ರೀ ಇದು?’

‘ಒತ್ತಬೇಡ ಕಣಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಅವನಲ್ಲ ಇವನು. ಇವನ ರಕ್ತ ಬೇರೆ.’

‘ಹೆಸರು ಅದೇ, ದಿನ ಅದೇ, ಊರು ಅದೇ…’

‘ಆ ಅಪೆಂಡಿಕ್ಸ್ ನಂದು,’ ಎಂದು ಹಂದಿ ಗ್ವಿಲಿಮ್ ಹಿಂದಿನಿಂದ ಬಂದು ಅಂಗಿ ಎತ್ತಿ ಹೊಲಿಗೆಯ ಗುರುತು ತೋರಿಸಿದ. ಅಂಗಿಯ ಮುಂಭಾಗವೆಲ್ಲ ಇನ್ನೊಬ್ಬನ ರಕ್ತ. ‘ನೋಡು, ನಾನಿಲ್ಲಿ ನಿಂತಿದೀನಿ.’

ಹುಡುಗಿ ಗುರುತನ್ನು ನೋಡಿದಳು, ತೆರೆಯನ್ನು ನೋಡಿದಳು. ನಿಧಾನಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡಳು.

‘ಹಾಗಾದ್ರೆ ಒಳಗಿರೋರು ಯಾರು?’

‘ಪೆಟ್ಟಿಗೆ ಗ್ವಿಲಿಮ್.’

‘ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ವಲ್ಲ.’

‘ಗೊತ್ತು,’ ಎಂದಳು ಮೈರ್ವೆನ್. ‘ನಮ್ಮದರಲ್ಲೂ ಇಲ್ಲ.’

ರಕ್ತವನ್ನು ಹೊಸದಾಗಿ ಪರೀಕ್ಷಿಸಿಯೇ ಕೊಟ್ಟರು. ಕತ್ತಲಾಗುವ ಹೊತ್ತಿಗೆ ಡಾಕ್ಟರ್ ಇಡ್ವಲ್ ಹೊರಗೆ ಬಂದು ಬೆಂಚಿನ ಮೇಲೆ ಕುಸಿದರು. ‘ಉಳ್ಕೋತಾನೆ,’ ಎಂದರು. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುದ್ದಿ ಹೇಳಿದರು. ದವಾಖಾನೆಯಿಂದ ಟ್ರೆಹಾರ್ನ್ ಫೋನು ಮಾಡಿದ್ದನಂತೆ. ಈ ಮಾರ್ಚ್‌ಗೆ ಹಣವಿಲ್ಲ, ಸಹಿ ಹಾಕಲಾಗದು. ಆದರೆ ಅವನಿನ್ನೂ ಅಲ್ಲೇ ಇದ್ದಾನೆ. ಔಷಧಕ್ಕೆ ಬಂದವರನ್ನೆಲ್ಲ ಕೂರಿಸಿಕೊಂಡು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದಾನೆ. ನಾಳೆ ಐವರ್ ಎಂದರೆ ಏನರ್ಥ ಎಂದು ಕೇಳಿದನಂತೆ. ಬೇಸಿಗೆಯವರೆಗೆ ಗಡುವು ಕೇಳಿ ನೋಡುತ್ತೇನೆ, ಭರವಸೆ ಕೊಡಲಾರೆ ಎಂದನಂತೆ.

ದವಾಖಾನೆ ಉಳಿಯುವುದೋ ಇಲ್ಲವೋ, ಇನ್ನು ಬೇಸಿಗೆಯವರೆಗೆ ದಿಗಿಲು. ಮೈರ್ವೆನ್ ತಲೆಯಾಡಿಸಿ ಎದ್ದು ಒಳಗೆ ಹೋದಳು.

ಪೆಟ್ಟಿಗೆ ಗ್ವಿಲಿಮ್ ಕಣ್ಣು ಮುಚ್ಚಿ ಮಲಗಿದ್ದ. ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು: ಜೋನ್ಸ್, ಗ್ವಿಲಿಮ್, ಹುಟ್ಟಿದ ದಿನ, ಅಷ್ಟೆ. ಅವಳು ನರ್ಸಿನ ಮೇಜಿನಿಂದ ಪೆನ್ನು ತಂದು, ಅವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪಟ್ಟಿಯ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಒತ್ತಿ ಒತ್ತಿ ಬರೆದಳು. ಬರೆದದ್ದು ಅಳಿಯುತ್ತದೋ ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಮತ್ತೊಮ್ಮೆ ಉಜ್ಜಿದಳು. ಗ್ವಿಲಿಮ್ ಕಣ್ಣು ಬಿಟ್ಟ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವವನಲ್ಲವೇ, ಕೈಯನ್ನು ಮೆಲ್ಲಗೆ ಮುಖದ ಹತ್ತಿರ ತಂದುಕೊಂಡು ಓದಿದ.

‘ಪೆಟ್ಟಿಗೆ,’ ಎಂದ. ಒಣಗಿದ ತುಟಿ ಸ್ವಲ್ಪ ಬಿರಿಯಿತು. ‘ಸದ್ಯ. ಇಷ್ಟು ಹೊತ್ತು ಇಲ್ಲಿ ಯಾರನ್ನೋ ಕರೀತಿದ್ರು ಕಣೆ, ಮಿಸ್ಟರ್ ಜೋನ್ಸ್, ಮಿಸ್ಟರ್ ಜೋನ್ಸ್ ಅಂತ. ಪಾಪ, ಆ ಮನುಷ್ಯ ಮಾತೇ ಆಡ್ತಿರ್ಲಿಲ್ಲ. ಸತ್ತೇಹೋದ್ನೇನೋ ಅಂದ್ಕೊಂಡೆ.’